ಅರ್ಧ ನಿಮಿಷಕ್ಕೆ ಸಾಯುವ ಸ್ಕ್ರಿಪ್ಟು

“ಲಿಮಿಟ್ ಜಾಸ್ತಿ ಮಾಡಿಬಿಡು, ಗುಬ್ಬಿ. ಅರ್ಧ ನಿಮಿಷ ಸಾಲದಿದ್ರೆ ಐದು ನಿಮಿಷ ಕೊಡು. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ?”

ಭಾವ ಬೆಳಗಿನಿಂದ ಇದೇ ರಾಗ ಹಾಡುತ್ತಿದ್ದರು. ಹಾಡುವಾಗಲೆಲ್ಲ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಕನ್ನಡಕ ಆಗಲೇ ಫಳಫಳ ಎನ್ನುತ್ತಿತ್ತು.

ಗುಬ್ಬಿ ಅಂದರೆ ನಾನೇ. ಅವರು ನನ್ನ ಅಕ್ಕನನ್ನು ಮದುವೆಯಾದಾಗ ನಾನು ಎರಡು ಜಡೆ ಹಾಕಿಕೊಂಡ ಸಣಕಲಿ, ಆಗ ಇಟ್ಟ ಹೆಸರು. ಈಗ ನಾನು ಕೂತರೆ ಸರ್ವರ್ ಕೋಣೆಯ ಕುರ್ಚಿ ನರಳುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ.

“ಮಾಡಲ್ಲ ಭಾವ,” ಎಂದೆ. “ತನ್ನ ಬಾಲ ಹಿಡಿಯೋಕೆ ಸುತ್ತೋ ನಾಯಿಗೆ ಇನ್ನೂ ಐದು ನಿಮಿಷ ಕೊಟ್ರೆ ಐದು ನಿಮಿಷ ಸುತ್ತುತ್ತೆ, ಅಷ್ಟೇ.”

“ಸುತ್ತುತ್ತಿದೆ ಅಂತ ಯಾರು ಹೇಳಿದ್ದು? ಅದು ಕಾಯ್ತಾ ಇದೆ. ಲ್ಯಾಬಿನ ಮೆಷಿನ್‌ನಿಂದ ರಕ್ತದ ರಿಪೋರ್ಟ್ ಬರೋದು ತಡ. ಆ ಕಡೆ ಲೈನ್ ಸರಿ ಇಲ್ಲ.”

ಈ ಸರ್ವರನ್ನು ಹೆತ್ತ ಮಗುವಿನಂತೆ ನೋಡಿಕೊಳ್ಳುವವರು ಭಾವ. ಅಂಥವರು ನನ್ನ ಕಿವಿಗೆ ಹೂ ಇಡುತ್ತಿದ್ದಾರೆ ಎಂಬ ಅನುಮಾನ ಮೊದಲ ಸಲ ಹುಟ್ಟಿದ್ದು ಆ ಕ್ಷಣದಲ್ಲಿ.

ಈ ಕೇಂದ್ರದ ಕೆಲಸ ಕಿಡ್ನಿ ಬದಲಿ. ಹೆಂಡತಿಗೆ ಗಂಡನ ಕಿಡ್ನಿ ಹೊಂದುವುದಿಲ್ಲ ಅಂದುಕೊಳ್ಳಿ. ಗಂಡ ತನ್ನದನ್ನು ಹೊಂದುವ ಬೇರೆ ಯಾರಿಗೋ ಕೊಡುತ್ತಾನೆ, ಅವನ ಹೆಂಡತಿಗೆ ಬೇರೆ ಯಾರದೋ ಬರುತ್ತದೆ. ಹೊರಗಿನಿಂದ ಒಂದು ಕಿಡ್ನಿ ಸಿಕ್ಕಾಗ ಸರಪಳಿ ಶುರು: ಅದು ಒಬ್ಬ ರೋಗಿಗೆ, ಆ ರೋಗಿಯ ಕಡೆಯವರದು ಮತ್ತೊಬ್ಬರಿಗೆ, ಅವರ ಕಡೆಯವರದು ಇನ್ನೊಬ್ಬರಿಗೆ. ನಿಮ್ಮ ಕಡೆಯಿಂದ ಕೊಡುವವರು ಒಬ್ಬರಿಲ್ಲದಿದ್ದರೆ ಇಲ್ಲಿ ನಿಮಗೆ ಜಾಗವಿಲ್ಲ.

ಈ ಸರಪಳಿ ಪೋಣಿಸುವುದು ವೆಬ್ ಸರ್ವರಿನಲ್ಲಿರುವ ಒಂದು ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಂ. ಅದಕ್ಕೆ ಕೊಟ್ಟಿರುವ ಸಮಯ ಅರ್ಧ ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಸರ್ವರ್ ಅದರ ಕತ್ತು ಹಿಸುಕುತ್ತದೆ, ಆಗ ಆಯ್ಕೆ ಮಾಡುವ ಹಕ್ಕು ಕೇಂದ್ರದ ಮುಖ್ಯಸ್ಥೆ ಡಾಕ್ಟರಮ್ಮನದು. ಈ ವರ್ಷ ಮೂರು ಸಲ ಹೀಗಾಯಿತು. ಸರದಿ ತಪ್ಪಿದ ಒಂದು ಕುಟುಂಬ ಗಲಾಟೆ ಎಬ್ಬಿಸಿದ ಮೇಲೆ ಆಡಳಿತ ಮಂಡಳಿ ತಪ್ಪು ಹುಡುಕಲು ನನ್ನನ್ನು ಕರೆಸಿತು.

ನನ್ನ ಅಕ್ಕನೂ ಇದೇ ಪಟ್ಟಿಯಲ್ಲಿದ್ದಾಳೆ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೂ ನನಗೆ ಹಿಡಿಸಿರಲಿಲ್ಲ.

ಬಾಗಿಲು ತೆರೆದುಕೊಂಡಿತು. ಡಾಕ್ಟರಮ್ಮ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಈ ಕೋಣೆಯ ಚಳಿ ಅವರಿಗೆ ಆಗುವುದಿಲ್ಲ. ಹಿಂದೆ ಇದು ಆಸ್ಪತ್ರೆಯ ಬಟ್ಟೆ ಮಡಚಿಡುತ್ತಿದ್ದ ಕೋಣೆ, ಗೋಡೆಯ ಹಲಗೆಗಳು ಈಗಲೂ ಇವೆ, ಅವುಗಳ ಮೇಲೆ ಹಾಸಿಗೆ ಬಟ್ಟೆಗಳ ಬದಲು ಕೇಬಲ್ಲಿನ ಸುರುಳಿಗಳು ಮಲಗಿವೆ.

“ಒಂದು ಕಿಡ್ನಿ ಬರ್ತಾ ಇದೆ,” ಎಂದರು. “ರಿಪೋರ್ಟ್ ಎಲ್ಲ ನಿಮ್ಮ ಮೆಷಿನ್‌ಗೆ ಆಗಲೇ ಬಂದಿದೆ. ನಾಲ್ಕು ಗಂಟೆಗೆ ಸ್ಕ್ರಿಪ್ಟ್ ಓಡಿಸ್ಬೇಕು. ಓಡುತ್ತಾ?”

“ನೋಡ್ತಾ ಇದೀನಿ, ಮೇಡಂ.”

“ಓಡದಿದ್ರೆ ಚಿಂತೆ ಮಾಡ್ಬೇಡಮ್ಮ. ನಾನೇ ಆರಿಸ್ತೀನಿ.”

ನಕ್ಕು ಹೋದರು. ಜನ ಸಾಯುವ ಬದುಕುವ ವಿಷಯವನ್ನು ಇಷ್ಟು ಹಗುರವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ಭಾವನ ಕಡೆ ತಿರುಗಿದರೆ ಅವರು ಮತ್ತೆ ಕನ್ನಡಕ ಒರೆಸುತ್ತಿದ್ದರು.

“ಭಾವ, ಒಂದು ಟೀ ತರಿಸ್ತೀರಾ?”

“ಈಗಷ್ಟೇ ಕುಡಿದ್ಯಲ್ಲ?”

“ಅದು ತಣ್ಣಗಿತ್ತು.”

ಅವರು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಹೋದರು. ನನಗೆ ಬೇಕಿದ್ದದ್ದು ಟೀ ಅಲ್ಲ.

ಮೊದಲು ಸತ್ತವನ ಕೊನೆಯ ಮಾತು ಕೇಳಬೇಕು. ಮೂರೂ ಸಲ ಸ್ಕ್ರಿಪ್ಟು ಸಾಯುವಾಗ ಬಿಟ್ಟುಹೋದ ಸಂದೇಶ ಒಂದೇ: ಓಡಲು ಕೊಟ್ಟಿದ್ದ ಗರಿಷ್ಠ ಸಮಯ ಮೀರಿದೆ. ಮೇಲ್ನೋಟಕ್ಕೆ ಏನೂ ವಿಶೇಷವಿಲ್ಲ. ಆದರೆ ನಾನು ಅದನ್ನು ಮತ್ತೊಮ್ಮೆ ಓದಿದೆ.

ಏಕೆಂದರೆ ಈ ಬಗೆಯ ಸರ್ವರಿನಲ್ಲಿ ಸ್ಕ್ರಿಪ್ಟು ಕಾಯುವ ಹೊತ್ತು ಆ ಅರ್ಧ ನಿಮಿಷದ ಲೆಕ್ಕಕ್ಕೆ ಸೇರುವುದೇ ಇಲ್ಲ. ಬೇರೆ ಯಂತ್ರದ ಉತ್ತರಕ್ಕಾಗಿ ಅದು ಸುಮ್ಮನೆ ಕೂತರೆ ಗಡಿಯಾರವೂ ನಿಂತಿರುತ್ತದೆ. ಹಾಗೆ ಕಾಯುತ್ತಲೇ ಇದ್ದರೆ ಸಿಟ್ಟಾಗುವುದು ಮುಂಬಾಗಿಲಲ್ಲಿ ಕೂತ ವೆಬ್ ಸರ್ವರು, ಅದು ಕೊಡುವ ಸಂದೇಶವೇ ಬೇರೆ. ‘ಓಡುವ ಸಮಯ ಮೀರಿದೆ’ ಎಂದು ಬಂದರೆ ಅದಕ್ಕೆ ಒಂದೇ ಅರ್ಥ. ಸ್ಕ್ರಿಪ್ಟು ಕಾಯುತ್ತಿರಲಿಲ್ಲ. ಬೆವರು ಸುರಿಸಿ ಏನೋ ಮಾಡುತ್ತಿತ್ತು.

ಲ್ಯಾಬಿನ ಲೈನಿನ ಕತೆ ಶುದ್ಧ ಸುಳ್ಳು. ಭಾವನಿಗೆ ಗೊತ್ತಿಲ್ಲದೆ ಬಾಯಿತಪ್ಪಿ ಬಂತು ಎನ್ನೋಣವೆಂದರೆ ಅದೂ ಆಗುವುದಿಲ್ಲ. ನಾನು ಈ ಕಸುಬಿಗೆ ಇಳಿದ ಹೊಸತರಲ್ಲಿ ಇದೇ ಪಾಠವನ್ನು ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಕಾಳು ಜೋಡಿಸಿ ನನಗೆ ಹೇಳಿಕೊಟ್ಟವರು ಭಾವನೇ. ಅಕ್ಕ ಬೈದು ಆ ಕಾಳೆಲ್ಲ ಎತ್ತಿಕೊಂಡು ಹೋಗಿದ್ದಳು.

ಕಲಿಸಿದವರೇ ಸುಳ್ಳು ಹೇಳುತ್ತಿದ್ದಾರೆ. ಯಾಕೆ?

ಫೋನ್ ಗುಂಯ್‌ಗುಟ್ಟಿತು. ಅಕ್ಕ.

“ಗುಬ್ಬಿ, ನಿಮ್ಮಲ್ಲಿ ಒಂದು ಬಂದಿದ್ಯಂತೆ? ಇಲ್ಲಿ ನರ್ಸ್ ಹೇಳಿದ್ಲು.”

ಡಯಾಲಿಸಿಸ್ ಮೆಷಿನ್ನಿನ ಟಿಕ್ ಟಿಕ್ ಅವಳ ಹಿಂದೆ ಕೇಳುತ್ತಿತ್ತು. ವಾರಕ್ಕೆ ಮೂರು ಸಲ ನಾಲ್ಕು ಗಂಟೆ ಅವಳ ರಕ್ತ ಹೊರಗೆ ಹೋಗಿ ತೊಳೆದುಕೊಂಡು ಬರುತ್ತದೆ. ಸೂಜಿ ಚುಚ್ಚಲೆಂದು ಹಿಗ್ಗಿಸಿದ ಎಡಗೈಯ ನರ ಮುಟ್ಟಿದರೆ ಒಳಗೊಂದು ನೊಣ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುತ್ತದೆ. ಆ ನರವೂ ಸೋಲುತ್ತಿದೆ, ಇನ್ನು ಹೆಚ್ಚು ದಿನ ತಡೆಯುವುದಿಲ್ಲ ಎಂದು ಹೋದ ವಾರವಷ್ಟೇ ಅಲ್ಲಿನವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಕನಿಗೆ ಹೇಳಿಲ್ಲ. ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತು.

“ಬಂದಿದೆ ಅಕ್ಕ. ಯಾರಿಗೆ ಅಂತ ಇನ್ನೂ ಗೊತ್ತಿಲ್ಲ.”

“ನನಗಲ್ಲ ಬಿಡು. ನನಗೆ ಈ ಅಳೆದು ಕೊಡೋ ಗುಟುಕಿನ ಬದಲು ಬಾಯಿ ತುಂಬ ಒಂದು ಲೋಟ ನೀರು ಕೊಟ್ರೆ ಸಾಕು. ಇವರೆಲ್ಲಿ, ಊಟ ಮಾಡಿದ್ರಾ?”

“ಮಾಡಿದ್ರು,” ಎಂದು ಸುಳ್ಳು ಹೇಳಿದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕೀಬೋರ್ಡ್ ಮಂಜುಮಂಜಾಗಿತ್ತು. ಅಳುವುದಕ್ಕೆ ಸಮಯವಿರಲಿಲ್ಲ, ಗಡಿಯಾರ ಮೂರೂವರೆ ದಾಟಿತ್ತು.

ಸ್ಕ್ರಿಪ್ಟಿನ ಒಂದು ನಕಲು ತೆಗೆದೆ. ಅದರ ಹೊಟ್ಟೆಯೊಳಗೆ ಒಂದೇ ಒಂದು ಸಾಲು ಸೇರಿಸಿದೆ: ಯಾವ ರೋಗಿಯ ಬಳಿ ಹೋಗುತ್ತೀಯೋ ಆ ರೋಗಿಯ ನಂಬರನ್ನು ಪರದೆಯ ಮೇಲೆ ಹೇಳಿಕೊಂಡು ಹೋಗು. ಮೊದಲು ಈ ವರ್ಷ ಸರಿಯಾಗಿ ಮುಗಿದ ಒಂದು ಸರಪಳಿಯನ್ನು ಓಡಿಸಿದೆ. ಐದಾರು ನಂಬರು ಬಂದವು, ಮುಗಿಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲೆ ಸತ್ತ ಸರಪಳಿಗಳಲ್ಲಿ ಮೊದಲನೆಯದು.

ಒಂದು ನಂಬರು. ಇನ್ನೊಂದು. ಆಮೇಲೆ ನಾನೂರ ಹನ್ನೊಂದು. ನಾನೂರ ಹನ್ನೊಂದು. ನಾನೂರ ಹನ್ನೊಂದು. ಪರದೆ ತುಂಬಿ ಮೇಲಕ್ಕೆ ಓಡತೊಡಗಿತು, ಅರ್ಧ ನಿಮಿಷ ಮುಗಿಯುವವರೆಗೂ ಅದೇ ನಂಬರು.

ಎರಡನೆಯದನ್ನು ಓಡಿಸಿದೆ. ಬೇರೆ ದಾರಿಯಲ್ಲಿ ಹೊರಟು ಅಲ್ಲಿಗೇ ಬಂದು ಬಿತ್ತು. ಮೂರನೆಯದೂ ಅಷ್ಟೆ.

ಆ ನಂಬರು ಯಾರದು ಎಂದು ನಾನು ಹುಡುಕಬೇಕಾಗಿರಲಿಲ್ಲ. ಪ್ರತಿ ಶನಿವಾರ ಕೌಂಟರಿನ ಮುಂದೆ ಅದನ್ನು ಹೇಳುವವಳು ನಾನೇ.

ಅಕ್ಕ.

ಅವಳ ದಾಖಲೆ ತೆರೆದೆ. ಹೆಸರು, ವಯಸ್ಸು, ರಕ್ತದ ಗುಂಪು, ಎಲ್ಲ ಸರಿ. ಕೆಳಗೆ ‘ಇವರ ಕಡೆಯಿಂದ ಕೊಡುವವರು’ ಎಂಬ ಜಾಗದಲ್ಲಿ ಭಾವನ ನಂಬರು ಇರಬೇಕಿತ್ತು. ಕಾಯಿಲೆ ಗೊತ್ತಾದ ವಾರವೇ ಅವರು ಮುಂದೆ ಬಂದು ಹೆಸರು ಬರೆಸಿದ್ದರು, ಅವರದು ಅಕ್ಕನಿಗೆ ಹೊಂದದಿದ್ದರಿಂದಲೇ ಈ ಪಟ್ಟಿಗೆ ಸೇರಿದ್ದು. ಈಗ ಅಲ್ಲಿ ಇದ್ದದ್ದು ನಾನೂರ ಹನ್ನೊಂದು. ಅಕ್ಕನ ಕಡೆಯಿಂದ ಕೊಡುವವಳು ಅಕ್ಕನೇ.

ಬಡಪಾಯಿ ಸ್ಕ್ರಿಪ್ಟಿಗೆ ಇದು ಹುಚ್ಚುತನ ಎಂದು ಹೇಗೆ ಗೊತ್ತಾಗಬೇಕು? ಅಕ್ಕನಿಗೆ ಒಂದು ಕಿಡ್ನಿ ಕೊಟ್ಟಿತು. ಅವಳ ಕಡೆಯವರು ಯಾರು ಎಂದು ನೋಡಿತು, ಅವಳೇ. ಅವಳ ಕಿಡ್ನಿ ಯಾರಿಗೆ ಚೆನ್ನಾಗಿ ಹೊಂದುತ್ತದೆ ಎಂದು ನೋಡಿತು, ಅವಳಿಗೇ. ಮತ್ತೆ ಕೊಟ್ಟಿತು. ಮತ್ತೆ ನೋಡಿತು.

ಆಗ ಇನ್ನೊಂದು ವಿಷಯ ಹೊಳೆಯಿತು. ಸ್ಕ್ರಿಪ್ಟು ಅಕ್ಕನ ಬಳಿಗೆ ಹೋದರೆ ಮಾತ್ರ ಸುತ್ತುತ್ತದೆ. ಹೋಗುವುದು ಅವಳಿಗೆ ಕಿಡ್ನಿ ಹೊಂದಿದಾಗ ಮಾತ್ರ. ಅಂದರೆ ಸತ್ತ ಮೂರು ಸಲವೂ ಅಕ್ಕನ ಸರದಿ ಬಂದಿತ್ತು. ಮೂರು ಸಲ ಬಂದು, ಹೊಸ್ತಿಲಲ್ಲಿ ನಿಂತು, ವಾಪಸು ಹೋಗಿತ್ತು.

ಇಂದಿನ ಕಿಡ್ನಿಯ ರಿಪೋರ್ಟನ್ನು ನಕಲಿಗೆ ಉಣಿಸಿದೆ.

ನಾನೂರ ಹನ್ನೊಂದು. ನಾನೂರ ಹನ್ನೊಂದು.

ಇಂದಿನದೂ ಅವಳದೇ.

ರೋಗಿಗಳ ದಾಖಲೆ ತಿದ್ದುವ ಅಧಿಕಾರ ಇಬ್ಬರಿಗೆ ಮಾತ್ರ. ಡಾಕ್ಟರಮ್ಮ, ಭಾವ. ಅಕ್ಕನ ಜಾಗ ಹಾಳುಮಾಡಿದರೆ ಡಾಕ್ಟರಮ್ಮನಿಗೆ ಆಯ್ಕೆಯ ಹಕ್ಕು ಸಿಗುತ್ತದೆ. ಹಾಳುಮಾಡಿದರೆ ಭಾವನಿಗೆ ಏನು ಸಿಗುತ್ತದೆ? ಕೊಡುವುದು ತಪ್ಪುತ್ತದೆ. ನನಗೆ ಇದನ್ನು ಯೋಚಿಸುವುದಕ್ಕೇ ನಾಚಿಕೆಯಾಯಿತು. ಯೋಚಿಸದೆ ಇರಲೂ ಆಗಲಿಲ್ಲ.

ಭಾವ ಎರಡು ಲೋಟ ಹಿಡಿದು ಒಳಗೆ ಬಂದರು. ಪರದೆ ನೋಡಿದರು. ಲೋಟಗಳನ್ನು ಸರ್ವರಿನ ಪೆಟ್ಟಿಗೆಯ ಮೇಲೇ ಇಟ್ಟುಬಿಟ್ಟರು. ಅಲ್ಲಿ ಯಾರಾದರೂ ನೀರಿನ ಬಾಟಲಿ ಇಟ್ಟರೆ ಮನೆತನ ಎಲ್ಲ ಜಾಲಾಡುವ ಮನುಷ್ಯ ಅವರು.

ನಾನು ಎದ್ದು ಬಾಗಿಲ ಚಿಲಕ ಹಾಕಿದೆ.

“ಅಲ್ಲಿ ನಿಮ್ಮ ನಂಬರ್ ಇರ್ಬೇಕಿತ್ತು, ಭಾವ.”

ಅವರು ಮತ್ತೆ ಕನ್ನಡಕಕ್ಕೆ ಕೈ ಹಾಕಿದರು.

“ತೆಗೆದದ್ದು ಯಾರು?”

“ನಾನೇ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿರಲಿಲ್ಲ. ಜಗಳಕ್ಕೆ ಸೊಂಟ ಕಟ್ಟಿ ನಿಂತವಳಿಗೆ ಎದುರಾಳಿ ಕೂತುಬಿಟ್ಟ ಹಾಗಾಯಿತು.

“ಖಾಲಿ ಬಿಡೋಕೆ ಹೋದೆ,” ಎಂದರು. “ಖಾಲಿ ಬಿಟ್ರೆ ಅದು ಸೇವ್ ಆಗಲ್ಲ. ಏನಾದ್ರೂ ಒಂದು ತುಂಬಲೇಬೇಕು. ಬೇರೆಯವರ ನಂಬರ್ ಹಾಕಿದ್ರೆ ಅವರಿಗೆ ತೊಂದ್ರೆ. ಅದಕ್ಕೆ ಅವಳದನ್ನೇ ಹಾಕ್ದೆ. ಯಾರೂ ನೋಡಲ್ಲ, ಅವಳ ಜಾಗ ಉಳ್ಕೊಳ್ಳುತ್ತೆ ಅಂತ.”

“ಉಳೀತಲ್ಲ, ಚೆನ್ನಾಗಿ ಉಳೀತು. ಇದು ಮೂರು ಸಲ ಯಾಕೆ ಸತ್ತಿದ್ದು ಗೊತ್ತಾ ನಿಮಗೆ?”

“ಆ ನಂಬರಿಗೆ ಏನೋ ಸಂಬಂಧ ಇದೆ ಅಂತ ಅನುಮಾನ ಇತ್ತು. ನೀನು ಅಲ್ಲಿ ಕೈ ಹಾಕ್ಬಾರ್ದು ಅಂತಾನೇ ಲ್ಯಾಬಿನ ಕತೆ ಹೇಳಿದ್ದು. ಸರಿ ಮಾಡಿದ್ರೆ ಅವಳು ಪಟ್ಟಿಯಿಂದ ಹೊರಗೆ ಹೋಗ್ತಾಳೆ, ಗುಬ್ಬಿ.”

“ಅವಳ ಸರದಿ ಬಂದಾಗ ಮಾತ್ರ ಅದು ಸಾಯೋದು, ಭಾವ. ಮೂರು ಸಲವೂ ಅವಳಿಗೇ ಬಂದಿತ್ತು.”

ಭಾವ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಬರೆಯಲಾರೆ. ಒಂದು ಕ್ಷಣ ಕನಿಕರ ಬಂತು. ಮರುಕ್ಷಣ ಡಯಾಲಿಸಿಸ್ ಕುರ್ಚಿಯಲ್ಲಿ ಐಸ್ ತುಂಡು ಚೀಪುತ್ತ ಕೂತ ಅಕ್ಕ ಕಣ್ಣ ಮುಂದೆ ಬಂದಳು, ಕನಿಕರವೆಲ್ಲ ಆರಿಹೋಯಿತು.

“ಮೂರು ಸಲ,” ಎಂದರು.

“ಇವತ್ತಿನದು ನಾಲ್ಕನೇದು. ಇದೂ ಅವಳಿಗೇ ಹೊಂದುತ್ತೆ, ನಾನು ಓಡಿಸಿ ನೋಡಿದೀನಿ. ಇನ್ನೂ ಹೊತ್ತಿದೆ. ನಿಮ್ಮ ನಂಬರ್ ಮತ್ತೆ ಹಾಕಿ. ಸರಪಳಿ ಮುಗಿಯುತ್ತೆ, ರಾತ್ರಿಗೆ ಅಕ್ಕ ಆಪರೇಷನ್ ಥಿಯೇಟರ್‌ನಲ್ಲಿ ಇರ್ತಾಳೆ. ಆಮೇಲೆ ನೀವು ಇನ್ಯಾರಿಗೋ ಕೊಡ್ತೀರಿ. ಅಷ್ಟೇ ತಾನೇ?”

“ಆಗಲ್ಲ.”

“ಭಯಾನಾ?”

“ಅಲ್ಲ.”

“ಮತ್ತೇನು? ಊರಿಗೆಲ್ಲ ಕೊಡ್ತೀನಿ ಕೊಡ್ತೀನಿ ಅಂತ ಹೇಳ್ಕೊಂಡು ಓಡಾಡಿದ್ರಿ. ನಮ್ಮಮ್ಮ ನಿಮ್ಮ ಕೈ ಹಿಡ್ಕೊಂಡು ಅತ್ಲು. ಅಕ್ಕ ಇವತ್ತೂ ನೀವು ಊಟ ಮಾಡಿದ್ರಾ ಅಂತ ಕೇಳ್ತಾಳೆ. ಇಷ್ಟು ಹೆದರಿಕೆ ಇದ್ದೋರು ಮೊದಲೇ ಹೇಳಿದ್ರೆ ಬೇರೆಯವರನ್ನ ಹುಡುಕ್ತಿದ್ವಿ. ನಾನಿರ್ಲಿಲ್ವಾ?”

“ನಿನಗೆ ಸಕ್ಕರೆ ಕಾಯಿಲೆ ಇದೆ. ನಿಂದು ತಗೊಳ್ಳಲ್ಲ.”

ಅದು ನಿಜ. ನಿಜವನ್ನು ಅವರ ಬಾಯಿಂದ ಕೇಳಿ ನನ್ನ ಸಿಟ್ಟು ನೆತ್ತಿಗೇರಿತು.

“ನನ್ನ ಮಾತು ಬಿಡಿ. ಈಗ ನಂಬರ್ ಹಾಕ್ತೀರೋ, ಇಲ್ಲ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳ್ಲೋ?”

ಭಾವ ಅಂಗಿಯ ಗುಂಡಿಗಳನ್ನು ಬಿಚ್ಚತೊಡಗಿದರು. ನಾನು ಮುಖ ತಿರುಗಿಸಬೇಕೋ ಬೇಡವೋ ತಿಳಿಯದೆ ನಿಂತೆ. ಅವರು ಎಡಕ್ಕೆ ತಿರುಗಿ ಅಂಗಿ ಎತ್ತಿದರು.

ಪಕ್ಕೆಲುಬಿನ ಕೆಳಗಿಂದ ಹೊಟ್ಟೆಯ ಕಡೆಗೆ ಓರೆಯಾಗಿ ಇಳಿದ ಗಾಯದ ಗುರುತು. ಹೊಲಿಗೆಯ ಚುಕ್ಕೆಗಳು ಇನ್ನೂ ಕೆಂಪಗಿದ್ದವು.

“ಇದು ಕಲ್ಲಿನ ಆಪರೇಷನ್ ಅಂದಿದ್ರಿ,” ಎಂದೆ.

“ಮನೇಲಿ ಹಾಗಂತ ಹೇಳ್ದೆ. ಕೊಡೋಕೆ ನನ್ನ ಹತ್ರ ಇನ್ನೊಂದಿಲ್ಲ, ಗುಬ್ಬಿ. ಕೊಟ್ಟಾಯ್ತು.”

ಇವರನ್ನು ನಾನು ಹೇಡಿ ಎಂದುಕೊಂಡಿದ್ದೆ. ಈಗ ಏನೆಂದುಕೊಳ್ಳಬೇಕೋ ಗೊತ್ತಾಗಲಿಲ್ಲ.

“ಯಾರಿಗೆ?”

“ಡಾಕ್ಟರಮ್ಮನ ತಮ್ಮನಿಗೆ.”

“ಏನಂದ್ರಿ?”

“ಆ ತಮ್ಮನೇ ಮನೆ ಹತ್ರ ಬಂದಿದ್ರು. ತುಂಬ ಮರ್ಯಾದಸ್ಥರು. ಹಳದಿ ಮುಖ, ಕಾಲೆಲ್ಲ ಊದಿತ್ತು. ನಿಮ್ಮದು ನನಗೆ ಹೊಂದುತ್ತೆ, ಈಗ ಕೊಡಿ, ಮೊದಲು ಬರೋ ಕಿಡ್ನಿ ನಿಮ್ಮ ಹೆಂಡತಿಗೆ, ನಮ್ಮಕ್ಕ ಡಾಕ್ಟರಮ್ಮ ಮಾತು ಕೊಟ್ಟಿದಾಳೆ ಅಂದ್ರು. ಪಟ್ಟಿಯಲ್ಲಿ ತಮ್ಮನ ಹೆಸರು ಕಾಣಿಸಿದ್ರೆ ಡಾಕ್ಟರಮ್ಮನ ಕೆಲಸಕ್ಕೆ ಸಂಚಕಾರ, ಅದಕ್ಕೇ ಹೊರಗಡೆ ನರ್ಸಿಂಗ್ ಹೋಂನಲ್ಲಿ ಮಾಡಿಸೋಣ, ಅವಳ ಎದುರಿಗೆ ಮಾತ್ರ ಬಾಯಿ ಬಿಡ್ಬೇಡಿ ಅಂದ್ರು.”

“ನೀವು ಡಾಕ್ಟರಮ್ಮನ್ನ ಒಂದು ಮಾತು ಕೇಳ್ಲಿಲ್ವಾ?”

“ಹೇಗೆ ಕೇಳ್ಲಿ? ಬಾಯಿ ಬಿಟ್ರೆ ಕೆಲಸ ಕೆಟ್ಟೀತು ಅಂತ. ದಿನಾ ಅವರ ಮುಖ ನೋಡ್ತಿದ್ದೆ. ಇವತ್ತು ಸನ್ನೆ ಮಾಡ್ತಾರೆ, ನಾಳೆ ಮಾಡ್ತಾರೆ ಅಂತ ಕಾಯ್ತಿದ್ದೆ. ಮೂರು ಸಲ ಅವರ ಕೈಗೆ ಬಂತು, ಮೂರು ಸಲವೂ ಬೇರೆಯವರಿಗೆ ಕೊಟ್ರು.”

ಮೂರು ಸಲವೂ ಬೇರೆಯವರಿಗೆ. ಆ ಹೆಂಗಸಿನ ನಗು ನೆನಪಾಗಿ ಮೈಯೆಲ್ಲ ಉರಿಯಿತು. ಒಬ್ಬ ಪೆದ್ದ ಒಳ್ಳೆಯ ಮನುಷ್ಯನ ಕಿಡ್ನಿ ಕಿತ್ತುಕೊಂಡು, ಅವನ ಹೆಂಡತಿಯನ್ನು ಮೂರು ಸಲ ದಾಟಿ ಹೋಗಿ, ಚಿಂತೆ ಮಾಡಬೇಡಮ್ಮ ಎಂದಿದ್ದಳು ನನಗೆ.

ಬಾಗಿಲು ತಟ್ಟಿದ ಸದ್ದಾಯಿತು.

“ನಾಲ್ಕು ಗಂಟೆ ಆಯ್ತಮ್ಮ. ಯಾಕೆ ಚಿಲಕ ಹಾಕ್ಕೊಂಡಿದೀರಾ?”

ಭಾವ ಗಡಿಬಿಡಿಯಿಂದ ಗುಂಡಿ ಹಾಕತೊಡಗಿದರು, ಬೇಡ ಎಂಬಂತೆ ತಲೆಯಾಡಿಸಿದರು. ನಾನು ಹೋಗಿ ಚಿಲಕ ತೆಗೆದೆ. ಈ ಸಲ ಡಾಕ್ಟರಮ್ಮ ಚಳಿಗೂ ಅಂಜದೆ ಒಳಗೇ ಬಂದರು.

“ಓಡ್ತಾ?”

ಉಪಾಯವಾಗಿ, ಸುತ್ತಿಬಳಸಿ ಕೇಳಬೇಕಿತ್ತು. ನನಗೆ ಆ ತಾಳ್ಮೆ ಉಳಿದಿರಲಿಲ್ಲ.

“ಆಮೇಲೆ ಹೇಳ್ತೀನಿ ಮೇಡಂ. ನಿಮ್ಮ ತಮ್ಮ ಈಗ ಹೇಗಿದ್ದಾರೆ?”

ಕಣ್ಣು ತಪ್ಪಿಸುತ್ತಾರೆ, ಬಣ್ಣ ಕೆಡುತ್ತದೆ, ಕೊನೆಗೆ ಸಿಟ್ಟಾದರೂ ಆಗುತ್ತಾರೆ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ಅವರು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು, ರೋಗಿ ಬೇರೆ ಯಾರದೋ ಹೆಸರು ಹೇಳಿಕೊಂಡು ಬಂದಾಗ ನೋಡುವ ಹಾಗೆ.

“ತಮ್ಮನಾ? ನಮ್ಮಪ್ಪ ಅಮ್ಮನಿಗೆ ನಾನೊಬ್ಬಳೇ ಮಗಳು. ಯಾರಮ್ಮ ಹೇಳಿದ್ದು ನಿನಗೆ?”

ನಾನು ಭಾವನ ಕಡೆ ತಿರುಗಿದೆ. ಕೊನೆಯ ಗುಂಡಿ ಹಾಕುತ್ತಿದ್ದ ಕೈ ಅಲ್ಲೇ ನಿಂತಿತ್ತು. ಅವರು ನನ್ನನ್ನೂ ನೋಡುತ್ತಿರಲಿಲ್ಲ, ಡಾಕ್ಟರಮ್ಮನನ್ನೂ ನೋಡುತ್ತಿರಲಿಲ್ಲ.

“ಹಾಗಾದ್ರೆ,” ಎಂದರು ಭಾವ, “ನಾನು ಕೊಟ್ಟಿದ್ದು ಯಾರಿಗೆ?”